ಗಾಯ ಎಣಿಸಿ ಗಟ್ಟಿಗ ಅನ್ನಬೇಡಿ

ಕಬಡ್ಡಿ ಪಂದ್ಯಾಟ ಮುಗಿದ ಕೂಡಲೇ ಮನೆಗೆ ಹೋಗಿ ಮಲಗುವ ಅಭ್ಯಾಸ ನಮ್ಮ ಕಡೆ ಇಲ್ಲ. ಫೈನಲ್ ಮುಗಿಯುವಾಗಲೇ ಬೆಳಗಿನ ಜಾವ ಮೂರು ಗಂಟೆ. ಒಂದು ಕಡೆ ಲೈಟಿನವರು ಕಂಬ ಬಿಚ್ಚುತ್ತಿರುತ್ತಾರೆ, ಇನ್ನೊಂದು ಕಡೆ ಮ್ಯಾಟಿನ ತುಂಡುಗಳನ್ನು ಎಬ್ಬಿಸಿ ಟೆಂಪೋಗೆ ತುಂಬುತ್ತಿರುತ್ತಾರೆ. ನಾವು ಚಾ ಅಂಗಡಿಯ ಬೆಂಚಿನ ಮೇಲೆ ಕೂತು ಪ್ರತಿವರ್ಷದ ಅದೇ ವಾದ ಶುರು ಮಾಡುತ್ತೇವೆ: ನಮ್ಮ ಕ್ಲಬ್ಬಿಗೆ ಇಷ್ಟು ವರ್ಷಗಳಲ್ಲಿ ಆಡಿದವರ ಪೈಕಿ ಎಲ್ಲರಿಗಿಂತ ಗಟ್ಟಿ ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಊರಿಗೆ ಹೋದರೂ ಈ ವಾದ ಇದೆ. ಗದ್ದೆ ಕೊಯ್ಲಾದ ಮೇಲೆ ಆಡುತ್ತಿದ್ದ ಕಾಲದವರು ಒಂದು ಹೆಸರು ಹೇಳುತ್ತಾರೆ. ಶಾಲೆ ಮೈದಾನದಲ್ಲಿ ಟ್ಯೂಬ್‌ಲೈಟ್ ಕಟ್ಟಿ ಆಡಿದವರು ಇನ್ನೊಂದು. ಪ್ರೊ ಕಬಡ್ಡಿ ನೋಡಿ ಬೆಳೆದ ಹುಡುಗರು ಮತ್ತೊಂದು.

ಈ ಸಲ ನಾವು ಸುಮ್ಮನೆ ಕೂತು ಕೇಳಿದೆವು.

"ಹ್ವಾಯ್, ನೀವ್ ಕಂಡಿದ್ರಾ ಅವ್ನ್ ಆಟ? ಹೆಬ್ಬೆರಳಿನ್ ಉಗುರ್ ಕಿತ್ತ್ ಹೋದ್ರೂ ಬಟ್ಟೆ ಕಟ್ಕಂಡ್ ಆಡ್ದ."

"ಅದೆಂತ ದೊಡ್ಡದಾ? ನಮ್ ಕಾಲದ್ ಕ್ಯಾಪ್ಟನ್ ಭುಜ ಜಾರ್ದವ, ಅಲ್ಲೇ ಕೂಡ್ಸ್ಕಂಡ್ ಮತ್ತೆ ರೈಡಿಗ್ ಹೋಯ್ದ."

"ಹಣೆ ಒಡ್ದ್ ರಕ್ತ ಸೋರುಕೂ ಹೊರಗ್ ಬರ್ಲಿಲ್ಲೆ ಮಾರಾಯಾ ಒಬ್ಬ. ಈಗಿನ್ ಮಕ್ಕಳಿಗ್ ಎಂತ ಗೊತ್ತಿತ್ತ್?"

ಒಂದು ಗಂಟೆ ವಾದ ನಡೆಯಿತು. ಆ ಒಂದು ಗಂಟೆಯಲ್ಲಿ ಯಾರೂ ಒಂದು ಒಳ್ಳೆಯ ಹಿಡಿತದ ಬಗ್ಗೆ ಮಾತಾಡಲಿಲ್ಲ. ಎಷ್ಟು ವರ್ಷ ಆಡಿದ, ಎಷ್ಟು ಹುಡುಗರನ್ನು ತಯಾರು ಮಾಡಿದ ಎಂದು ಯಾರೂ ಹೇಳಲಿಲ್ಲ. ಪ್ರತಿಯೊಬ್ಬನ ಗಟ್ಟಿತನಕ್ಕೆ ಕೊಟ್ಟ ಸಾಕ್ಷಿ ಒಂದೇ, ಅವನಿಗಾದ ಗಾಯ. ಯಾರ ಗಾಯ ದೊಡ್ಡದೋ ಅವನೇ ಗಟ್ಟಿಗ.

ಇದಕ್ಕೆ ನಮ್ಮ ತಕರಾರಿದೆ. ಸಣ್ಣ ತಕರಾರೂ ಅಲ್ಲ.

ಮೊದಲು ನಮ್ಮದೇ ತಪ್ಪು

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನಮ್ಮ ಲೆಕ್ಕ ಚುಕ್ತಾ ಆಗಬೇಕು. ನಾವು ಪತ್ರಿಕೋದ್ಯಮ ಓದುತ್ತಿದ್ದಾಗ ನಮ್ಮೂರ ಪಕ್ಕದ ಒಂದು ಪಂದ್ಯಾಟಕ್ಕೆ ವರದಿ ಮಾಡಲು ಹೋಗಿದ್ದೆವು. ನಮ್ಮ ಜೊತೆಗೇ ಶಾಲೆಗೆ ಹೋದ ಹುಡುಗನೊಬ್ಬ ಆ ತಂಡದ ಮುಖ್ಯ ರೈಡರ್. ವಯಸ್ಸು 22. ಮಳೆಗಾಲ ಬಿಟ್ಟರೆ ಉಳಿದ ಸಮಯವೆಲ್ಲ ಬೋಟಿನಲ್ಲಿ ದುಡಿಮೆ.

ಸೆಮಿಫೈನಲ್‌ನಲ್ಲಿ ತಿರುಗುವಾಗ ಅವನ ಮೊಣಕಾಲಿನಲ್ಲಿ ಟಕ್ ಎಂದು ಶಬ್ದ ಬಂತು. ಅಂಕಣದ ಗೆರೆ ಪಕ್ಕ ಕೂತಿದ್ದವರಿಗೆ ಕೇಳಿಸಿತು. ಅವನನ್ನು ಎತ್ತಿ ತಂದು ಕುರ್ಚಿಯಲ್ಲಿ ಕೂರಿಸಿದರು. ಯಾರೋ ನೋವಿನ ಸ್ಪ್ರೇ ಹೊಡೆದರು, ಯಾರೋ ಕ್ರೇಪ್ ಬ್ಯಾಂಡೇಜು ಸುತ್ತಿದರು, ಮೀನಿನ ಪೆಟ್ಟಿಗೆಯಿಂದ ಐಸ್ ಬಂತು. ಫೈನಲ್‌ಗೆ ಅವನ ಹೆಸರು ಕೂಗಿದಾಗ ಎದ್ದು ನಿಂತ. ಇಡೀ ಮೈದಾನ ಶಿಳ್ಳೆ ಹೊಡೆಯಿತು. ತಂಡ ಗೆದ್ದಿತು. 'ಉತ್ತಮ ದಾಳಿಗಾರ' ಫಲಕ ಅವನಿಗೇ ಸಿಕ್ಕಿತು. ಹೆಗಲ ಮೇಲೆ ಹೊತ್ತು ಮೆರೆಸಿದರು. ಅವನಿಗೆ ನಡೆಯಲು ಆಗುತ್ತಿರಲಿಲ್ಲ ಎಂಬುದು ಆ ಗಲಾಟೆಯಲ್ಲಿ ಯಾರಿಗೂ ಕಾಣಲಿಲ್ಲ.

ನೋವಿಗೆ ಸೆಡ್ಡು ಹೊಡೆದ ವೀರ ಎಂಬ ಅರ್ಥದ ತಲೆಬರಹ ಕೊಟ್ಟು ನಾವು ಬರೆದೆವು. ತುಂಬಾ ಜನ ಓದಿದರು. ನಮಗೆ ಖುಷಿಯಾಯಿತು.

ಅವನ ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಮೊದಲು ಎಣ್ಣೆ ತಿಕ್ಕಿಸಿದರು, ಆಮೇಲೆ ಕಟ್ಟು ಕಟ್ಟಿಸಿದರು, ತಿಂಗಳುಗಳ ನಂತರ ಆಸ್ಪತ್ರೆಗೆ ಹೋದಾಗ ಒಳಗಿನ ಮೆತ್ತೆಯೂ ಹಾಳಾಗಿತ್ತು. ಅಮ್ಮ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟು ಆಪರೇಷನ್ ಮಾಡಿಸಿದರು. ಬೋಟು ಸಮುದ್ರದಲ್ಲಿ ಹೇಗೆ ವಾಲುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ವಾಲುವ ಹಲಗೆಯ ಮೇಲೆ ನಿಂತು ಬಲೆ ಎಳೆಯಲು ನಂಬಿಕೆಯ ಎರಡು ಕಾಲು ಬೇಕು. ಅವನಿಗೆ ಈಗ ಒಂದೇ ಇದೆ. ಬೆಂಗಳೂರಿನಲ್ಲಿ ಸಂಬಂಧಿಕರ ಬೇಕರಿಯ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾನೆ. ಫಲಕ ಮನೆಯ ಟಿವಿ ಪಕ್ಕ ಇದೆ.

ಚಾ ಅಂಗಡಿಯ ಪಟ್ಟಿಯಲ್ಲಿ ಈ ವರ್ಷ ಅವನ ಹೆಸರು ಎರಡನೇ ಸ್ಥಾನಕ್ಕೆ ಬಂತು. ಹಾಗಾಗಿಯೇ ಈ ಬರಹ. ಆ ತಲೆಬರಹವನ್ನು ನಾವು ಇವತ್ತು ವಾಪಸ್ ತಗೊಳ್ಳುತ್ತಿದ್ದೇವೆ.

ಫುಟ್‌ಬಾಲಿನವರಿಗೂ ಇದೇ ಹುಚ್ಚಿತ್ತು

ಇದು ನಮ್ಮೂರಿನ ಹುಚ್ಚು ಮಾತ್ರವಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳು ತಮ್ಮ ಕ್ಲಬ್ಬಿನ ಗಟ್ಟಿಗರು ಯಾರು ಎಂದು ತಲೆಮಾರುಗಳಿಂದ ವಾದ ಮಾಡುತ್ತ ಬಂದಿದ್ದಾರೆ. ಅಲ್ಲಿ ಸದಾ ಬರುವ ಒಂದು ಹೆಸರು ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರಾಟ್‌ಮನ್. 1956ರ ಎಫ್.ಎ. ಕಪ್ ಫೈನಲ್‌ನಲ್ಲಿ ಎದುರಾಳಿಗೆ ಡಿಕ್ಕಿಯಾಗಿ ಬಿದ್ದವರು ಕೊನೆಯವರೆಗೂ ಆಡಿದರು, ತಂಡ ಗೆದ್ದಿತು. ಕುತ್ತಿಗೆಯ ಮೂಳೆ ಮುರಿದಿತ್ತು ಎಂದು ಕೆಲವು ದಿನಗಳ ನಂತರ ಎಕ್ಸ್-ರೇಯಲ್ಲಿ ಗೊತ್ತಾಯಿತು.

ಕೇಳಿದರೆ ರೋಮಾಂಚನ ಆಗುತ್ತದೆ, ಹೌದು. ಆದರೆ ಆ ಕಥೆ ಹೇಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಆಗ ಬದಲಿ ಆಟಗಾರನನ್ನು ಇಳಿಸುವ ನಿಯಮವೇ ಇರಲಿಲ್ಲ. ಅವರು ಹೊರಗೆ ಬಂದಿದ್ದರೆ ತಂಡ 10 ಜನರಲ್ಲಿ ಆಡಬೇಕಿತ್ತು. ಇಂಗ್ಲೆಂಡಿನ ಲೀಗಿನಲ್ಲಿ ಬದಲಿ ಆಟಗಾರರು ಬಂದದ್ದು 1965ರಲ್ಲಿ.

ಇನ್ನೊಂದು ಚಿತ್ರ ನೀವೂ ನೋಡಿರಬಹುದು. 1989ರಲ್ಲಿ ಸ್ವೀಡನ್ ವಿರುದ್ಧ ಆಡಿದ ಇಂಗ್ಲೆಂಡಿನ ಟೆರ್ರಿ ಬುಚರ್. ತಲೆಗೆ ಬ್ಯಾಂಡೇಜು, ಬಿಳಿ ಅಂಗಿ ಪೂರ್ತಿ ಕೆಂಪು. ಇವತ್ತು ಅದೇ ರೀತಿ ರಕ್ತ ಸುರಿಸುತ್ತ ಆಡಲು ಫುಟ್‌ಬಾಲಿನ ನಿಯಮ ಬಿಡುವುದಿಲ್ಲ. ರಕ್ತ ಬರುತ್ತಿದ್ದರೆ ಹೊರಗೆ ಬರಬೇಕು, ನಿಂತ ಮೇಲೆ ಒಳಗೆ. ತಲೆಗೆ ಪೆಟ್ಟಾದವನಿಗೆ ಬದಲಾಗಿ ಹೆಚ್ಚುವರಿ ಆಟಗಾರನನ್ನು ಇಳಿಸುವ ವ್ಯವಸ್ಥೆ ಪ್ರೀಮಿಯರ್ ಲೀಗಿನಲ್ಲಿ 2021ರಲ್ಲಿ ಬಂತು. ಇದರಿಂದ ಅವರ ಆಟ ಮೆತ್ತಗಾಯಿತು ಎಂದು ಯಾರಾದರೂ ಹೇಳಲಿ ನೋಡೋಣ.

ನಮಗಂತೂ ಟ್ರಾಟ್‌ಮನ್ ಅವರ ಕಷ್ಟವೂ ಇಲ್ಲ. ಕಬಡ್ಡಿಯಲ್ಲಿ ಅಂಕಣದ ಒಳಗೆ ಏಳು ಜನ, ಹೊರಗೆ ಬೆಂಚಿನಲ್ಲಿ ಬದಲಿ ಆಟಗಾರರು. ಅವರನ್ನು ಕರೆತಂದದ್ದು ನೀರಿನ ಬಾಟಲಿ ಹೊರಲಿಕ್ಕಾ?

ಕಬಡ್ಡಿಯ ನಿಯಮ ಏನು ಹೇಳುತ್ತದೆ

ನೆಲ ಕಚ್ಚಿ ಆಡುವ ಆಟ ಇದು, ಪೆಟ್ಟು ಇದ್ದದ್ದೇ, ಹೆದರುವವರು ಕೇರಂ ಆಡಲಿ ಎಂದು ಹಿರಿಯರೊಬ್ಬರು ನಮಗೆ ಹೇಳಿದರು. ಪೆಟ್ಟು ಇದ್ದದ್ದೇ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಪೆಟ್ಟಾದ ಮೇಲೆ ಏನು ಮಾಡುತ್ತೇವೆ ಎಂಬುದು ನಮ್ಮ ಕೈಯಲ್ಲಿರುವ ವಿಷಯ.

ಈ ಆಟದ ನಿಯಮ ಪುಸ್ತಕ ನಮ್ಮ ಚಾ ಅಂಗಡಿಗಿಂತ ಬುದ್ಧಿವಂತ. ರೈಡರನ ಬಾಯಿ ಮುಚ್ಚಿ ಉಸಿರು ಕಟ್ಟಿಸಿದರೆ ಫೌಲ್. ಎರಡು ಕಾಲಿನ ಕತ್ತರಿಯಲ್ಲಿ ಸಿಕ್ಕಿಸಿ ಬೀಳಿಸಿದರೆ ಫೌಲ್. ಗಾಯವಾಗುವಂತೆ ಒರಟಾಗಿ ಎಳೆದರೂ ಫೌಲ್. ಇವತ್ತು ನಾವು ಹೊಗಳುವ ಅರ್ಧ ಕಥೆಗಳಲ್ಲಿ ಅಂಪೈರ್ ಕಾರ್ಡು ತೆಗೆಯಬೇಕಿತ್ತು.

ಇನ್ನೂ ದೊಡ್ಡ ಮಾತಿದೆ. ಕ್ರಿಕೆಟಿನಲ್ಲಿ ಔಟಾದವನು ಪೆವಿಲಿಯನ್ನಿಗೆ ಹೋದರೆ ಮುಗಿಯಿತು. ಕಬಡ್ಡಿಯಲ್ಲಿ ಹಾಗಿಲ್ಲ. ಔಟಾದವನು ಗೆರೆಯಾಚೆ ಕೂರುತ್ತಾನೆ, ತನ್ನ ತಂಡದವನು ಎದುರಾಳಿಯನ್ನು ಔಟ್ ಮಾಡಿದ ಕೂಡಲೇ ಜೀವ ಬಂದು ಒಳಗೆ ಬರುತ್ತಾನೆ. ಹೊರಗೆ ಹೋಗುವುದು ಸೋಲಲ್ಲ, ನಿನ್ನನ್ನು ವಾಪಸ್ ಕರೆತರುವ ಜವಾಬ್ದಾರಿ ಉಳಿದವರದ್ದು ಎಂದು ಕಲಿಸುವ ಆಟ ಇದು. ಔಟಾದವನಿಗೆ ಜೀವ ಕೊಡುವ ನಾವು ಗಾಯಗೊಂಡವನಿಗೆ ಕೊಡುವುದಿಲ್ಲ ಎಂದರೆ ಆಟ ನಮಗೆ ಅರ್ಥವೇ ಆಗಿಲ್ಲ.

ಗಟ್ಟಿ ಅಂದರೆ ಏನು

ಹಾಗಾದರೆ ಗಟ್ಟಿಗ ಯಾರು? ನಮ್ಮ ಉತ್ತರ ಹೇಳುತ್ತೇವೆ, ಜಗಳಕ್ಕೆ ಬನ್ನಿ.

ಇರಾನಿನ ಫಝಲ್ ಅತ್ರಾಚಲಿ ಅವರನ್ನು ನೋಡಿ. 2015ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಬುಲ್ಸ್ ಅನ್ನು ಸೋಲಿಸಿದ ಯು ಮುಂಬಾ ತಂಡದಲ್ಲಿ ಇದ್ದವರು. ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಟ್ಯಾಕಲ್ ಪಾಯಿಂಟ್ ಅವರದ್ದೇ. ಅದಕ್ಕೆ ಮೊದಲು ಆ ಪಟ್ಟಿಯಲ್ಲಿ ಮುಂದಿದ್ದವರು ನಮ್ಮ ಬುಲ್ಸ್‌ನ ಆರಂಭದ ಕಾಲದ ಮಂಜೀತ್ ಚಿಲ್ಲರ್. ಒಂದು ರಾತ್ರಿ ಮುರಿದ ಕಾಲಲ್ಲಿ ಆಡಿದರೆ ಇಂಥ ದಾಖಲೆ ಬರುವುದಿಲ್ಲ. ವರ್ಷದ ಮೇಲೆ ವರ್ಷ ಅಂಕಣಕ್ಕೆ ಇಳಿಯುವ ಸ್ಥಿತಿಯಲ್ಲಿ ಮೈ ಉಳಿಸಿಕೊಂಡರೆ ಬರುತ್ತದೆ. ಕಾರ್ನರಿನಲ್ಲಿ ನಿಂತವನು ರೈಡರನ ಕಾಲು ಯಾವಾಗ ನೆಲಕ್ಕೆ ಭಾರ ಬಿಡುತ್ತದೆ ಎಂದು ಕಾಯಬೇಕು. ಅರ್ಧ ಕ್ಷಣ ಮೊದಲು ಹಾರಿದರೆ ಕೈಗೆ ಗಾಳಿ, ಅರ್ಧ ಕ್ಷಣ ತಡವಾದರೆ ಗೆರೆ ದಾಟಿದ. ಆ ತಾಳ್ಮೆ ಗಟ್ಟಿತನ.

2017ರಲ್ಲಿ ರಿಶಾಂಕ್ ದೇವಾಡಿಗ ಯುಪಿ ಯೋಧಾ ಪರವಾಗಿ ಒಂದೇ ಪಂದ್ಯದಲ್ಲಿ 28 ರೈಡ್ ಪಾಯಿಂಟ್ ತಂದಾಗ ಅಡ್ಡಹೆಸರು ಕೇಳಿಯೇ ನಾವೆಲ್ಲ ಕುಣಿದಿದ್ದೆವು. ಹಿಡಿಯಲು ಬಂದ ಕೈಗಳಿಂದ ತಪ್ಪಿಸಿಕೊಂಡು ಬಂದ ಆ ಚುರುಕೂ ಗಟ್ಟಿತನವೇ.

ಇನ್ನು ನಮ್ಮ ಮನೆಯಂಗಳದ ಉದಾಹರಣೆ. ವಂಡ್ಸೆಯ ಗುರುರಾಜ ಪೂಜಾರಿ. ಪಿಕಪ್ ಓಡಿಸುವ ತಂದೆಯ ಮಗ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ತಂದರು. ಭಾರತಕ್ಕೆ ಆ ಕೂಟದ ಮೊದಲ ಪದಕ ಅದು. ನಾಲ್ಕು ವರ್ಷ ಬಿಟ್ಟು 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು.

ಭಾರ ಎತ್ತುವ ಆಟದಲ್ಲಿ ಒಂದು ಪಾಠ ಇದೆ. ಸ್ನ್ಯಾಚ್‌ಗೆ ಮೂರು ಯತ್ನ, ಕ್ಲೀನ್ ಅಂಡ್ ಜರ್ಕ್‌ಗೆ ಮೂರು ಯತ್ನ. ಮೇಲೆ ಹೋಗದ ಭಾರವನ್ನು ಧೈರ್ಯ ತೋರಿಸಲು ಹಿಡಿದುಕೊಂಡು ನಿಲ್ಲುವುದಿಲ್ಲ. ಕೆಳಗೆ ಬಿಟ್ಟು ಹಿಂದೆ ಸರಿಯುತ್ತಾರೆ, ಉಸಿರು ತಗೊಂಡು ಮುಂದಿನ ಯತ್ನಕ್ಕೆ ಬರುತ್ತಾರೆ. ಬಾರ್ ಕೆಳಗೆ ಬಿಟ್ಟವನನ್ನು ಹೇಡಿ ಎಂದು ಯಾರೂ ಕೂಗುವುದಿಲ್ಲ. ನಮ್ಮ ತಾಲ್ಲೂಕಿನ ಅತಿ ಗಟ್ಟಿ ಮನುಷ್ಯನ ಆಟದಲ್ಲೇ ಬಿಡುವುದಕ್ಕೆ ಜಾಗ ಇದೆ. ಕಬಡ್ಡಿಯವರಿಗೆ ಮಾತ್ರ ಏಕಿಲ್ಲ?

ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ನಮ್ಮ ಬಳಗದ ಬ್ರಹ್ಮಾವರದ ಗೆಳತಿ ಆ ರಾತ್ರಿ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಪಟ್ಟಿಯಲ್ಲಿ ಒಬ್ಬ ಹೆಂಗಸೂ ಇಲ್ಲವಲ್ಲ?" ಬೆಂಚು ಸುಮ್ಮನಾಯಿತು.

ಪಕ್ಕದ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2010ರಲ್ಲಿ ಗುವಾಂಗ್‌ಝೌನಲ್ಲಿ, 2014ರಲ್ಲಿ ಇಂಚೆಯಾನ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡಗಳಲ್ಲಿದ್ದರು. 2012ರಲ್ಲಿ ಪಟ್ನಾದಲ್ಲಿ ಮಹಿಳಾ ವಿಶ್ವಕಪ್ ಗೆದ್ದಾಗ ಅವರೇ ನಾಯಕಿ. ಅರ್ಜುನ ಪ್ರಶಸ್ತಿಯೂ ಬಂದಿದೆ. ನಮ್ಮೂರ ಪಂದ್ಯಾಟದ ಫ್ಲೆಕ್ಸಿನಲ್ಲಿ ಎಷ್ಟು ಸಲ ಅವರ ಚಿತ್ರ ನೋಡಿದ್ದೀರಿ?

ಹೈಸ್ಕೂಲಿನಲ್ಲಿ ವಲಯ ಮಟ್ಟ, ತಾಲ್ಲೂಕು ಮಟ್ಟದಲ್ಲಿ ಆಡಿದ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಪಿಯುಸಿ ದಾಟುವಾಗ ಅವರು ಕಾಣೆಯಾಗುತ್ತಾರೆ. ಸಂಜೆ ಪ್ರಾಕ್ಟೀಸ್ ಮುಗಿಸಿ ಕೊನೆಯ ಬಸ್ಸಿಗೆ ಓಡಿ, ಚಡ್ಡಿ ಹಾಕಿ ಆಡುತ್ತಾಳೆ ಎಂಬ ಮಾತು ಕೇಳಿ, ಮನೆಯಲ್ಲಿ ಒಪ್ಪಿಸಿ ಮತ್ತೆ ಮರುದಿನ ಮೈದಾನಕ್ಕೆ ಬಂದವಳು ಗಟ್ಟಿಗಳಲ್ಲವೆ? ಅವಳ ಮೈಮೇಲೆ ತೋರಿಸಲು ಗಾಯ ಇಲ್ಲ. ಹಾಗಾಗಿ ಅವಳು ನಮ್ಮ ಪಟ್ಟಿಗೆ ಬರಲಿಲ್ಲ. ಗಾಯದ ಅಳತೆಗೋಲು ಎಷ್ಟು ಕೆಟ್ಟದ್ದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡು ವಾದ, ಎರಡು ಉತ್ತರ

"ಗದ್ದೆಯಲ್ಲಿ ಆಡಿದ ನಮಗೆ ಎಂತದೂ ಆಗಲಿಲ್ಲೆ" ಎನ್ನುತ್ತಾರೆ ಹಿರಿಯರು. ಗದ್ದೆ ಬೇರೆ, ಮ್ಯಾಟ್ ಬೇರೆ ಅಣ್ಣ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ, ಮೈಯ ಜೊತೆ ತಿರುಗುತ್ತದೆ. ಮ್ಯಾಟಿನ ಮೇಲೆ ಶೂ ಕಚ್ಚಿಕೊಂಡು ನಿಲ್ಲುತ್ತದೆ, ಮೈ ಮಾತ್ರ ತಿರುಗುತ್ತದೆ. ನಡುವೆ ಸಿಕ್ಕಿದ ಮೊಣಕಾಲು ಆ ತಿರುಚನ್ನು ತಿನ್ನಬೇಕು. ವಾರವಿಡೀ ಮಣ್ಣಿನಲ್ಲಿ ಪ್ರಾಕ್ಟೀಸ್ ಮಾಡಿ ಶನಿವಾರ ರಾತ್ರಿ ಬಾಡಿಗೆ ಮ್ಯಾಟಿನಲ್ಲಿ ಆಡುವ ನಮ್ಮ ಹುಡುಗರಿಗೆ ಅಪಾಯ ಹೆಚ್ಚು. ಮತ್ತೆ, ನಿಮಗೆ ಏನೂ ಆಗಲಿಲ್ಲವೆಂದರೆ ಮಳೆಗಾಲದಲ್ಲಿ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಳ್ಳುವುದು ಯಾಕೆ?

ಕ್ಲಬ್ಬಿಗೆ ದುಡ್ಡೆಲ್ಲಿದೆ ಎನ್ನುವುದು ಎರಡನೇ ವಾದ. ಹೆದ್ದಾರಿಯುದ್ದಕ್ಕೂ ಫ್ಲೆಕ್ಸಿಗೆ ಇದೆ. ಪಟಾಕಿಗೆ ಇದೆ. ಸ್ಪೀಕರಿಗೆ ಇದೆ. ವೇದಿಕೆಯ ಮೇಲೆ ಕೂತ ಎಲ್ಲರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಇದೆ. ಆಳೆತ್ತರದ ಶಾಶ್ವತ ಫಲಕಕ್ಕೂ ಇದೆ. ಆ ಫಲಕದ ಎತ್ತರ ಒಂದು ಅಡಿ ಕಡಿಮೆಯಾದರೆ ಊರಿನ ಮಾನ ಹೋಗುವುದಿಲ್ಲ. ನಾವು ನಿಂತು ನೋಡಿದ ಪಂದ್ಯಾಟಗಳಲ್ಲಿ ಮುಖ್ಯ ಅತಿಥಿಗೆ ಕುರ್ಚಿ ಇಲ್ಲದ್ದು ಒಂದೂ ಇಲ್ಲ. ಗಾಯಾಳುವನ್ನು ಮಲಗಿಸಲು ಸ್ಟ್ರೆಚರ್ ಇದ್ದದ್ದನ್ನು ಮಾತ್ರ ಕಂಡ ನೆನಪಿಲ್ಲ.

ಬೈಂದೂರಿನಿಂದ ಮಣಿಪಾಲಕ್ಕೆ ಹತ್ತಿರ ಹತ್ತಿರ 70 ಕಿ.ಮೀ. ಬೆಳಗಿನ ಜಾವ ಎರಡು ಗಂಟೆಗೆ ಯಾರದೋ ಓಮ್ನಿಯ ಹಿಂದಿನ ಸೀಟಿನಲ್ಲಿ ಕುತ್ತಿಗೆಗೆ ಪೆಟ್ಟಾದ ಹುಡುಗನನ್ನು ಕೂರಿಸಿಕೊಂಡು ಹೊರಟರೆ ಆ ದೂರ ಎಷ್ಟು ಉದ್ದ ಎಂದು ಹೋದವರಿಗೆ ಗೊತ್ತು.

ನಾವು ಕೇಳುವುದು ಇಷ್ಟೇ

ಕ್ಲಬ್ಬಿನವರಿಗೆ, ಪಂದ್ಯಾಟ ಸಮಿತಿಯವರಿಗೆ, ಮುಂದಿನ ಋತುವಿಗೆ ಐದು ಮಾತು.

ಒಂದು, ತಲೆಗೆ ಪೆಟ್ಟಾಗಿ ಕಣ್ಣು ಮಂಜಾದರೆ, ವಾಂತಿ ಬಂದರೆ, ಸ್ಕೋರ್ ಎಷ್ಟೆಂದು ಹೇಳಲಾಗದಿದ್ದರೆ ಆ ರಾತ್ರಿ ಅವನು ಮತ್ತೆ ಆಡಬಾರದು. ಅವನು ನಾನು ಸರಿ ಇದ್ದೇನೆ ಎಂದರೂ ಆಡಬಾರದು. ಪೆಟ್ಟಾದ ತಲೆಯನ್ನೇ ತೀರ್ಪು ಕೇಳಬಾರದು.

ಎರಡು, ಮೊಣಕಾಲಿನಲ್ಲಿ ಶಬ್ದ ಬಂದು ಊದಿಕೊಂಡರೆ ತಿಕ್ಕಬೇಡಿ, ಎಳೆಯಬೇಡಿ. ಆಡಿಸುವುದಂತೂ ಬೇಡವೇ ಬೇಡ. ಭುಜ ಜಾರಿದರೆ ಮೈದಾನದಲ್ಲೇ ಕೂಡಿಸುವ ಸಾಹಸವೂ ಬೇಡ. ನೋವಿನ ಸ್ಪ್ರೇ ನೋವನ್ನು ಮರೆಸುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ.

ಮೂರು, ಒಬ್ಬ ನರ್ಸ್ ಅಥವಾ ಪ್ರಥಮ ಚಿಕಿತ್ಸೆ ಕಲಿತ ಒಬ್ಬರು, ಒಂದು ಸ್ಟ್ರೆಚರ್, ಆಸ್ಪತ್ರೆಗೆ ಹೋಗಲು ಮೊದಲೇ ಗೊತ್ತು ಮಾಡಿದ ವಾಹನ ಇರಲಿ. 108ಕ್ಕೆ ಯಾರು ಫೋನ್ ಮಾಡಬೇಕು ಎಂಬುದು ಟಾಸ್‌ಗೆ ಮೊದಲೇ ತೀರ್ಮಾನವಾಗಲಿ.

ನಾಲ್ಕು, ಆಟಗಾರರಿಗೆ ಕ್ಲಬ್ಬಿನಿಂದ ಗುಂಪು ಅಪಘಾತ ವಿಮೆ ಮಾಡಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿಸಿಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸಾಕು ಎಂದುಕೊಳ್ಳಬೇಡಿ. ಅದು ಅಪಘಾತದಲ್ಲಿ ಜೀವ ಹೋದರೆ, ಅಂಗ ಊನವಾದರೆ ಮಾತ್ರ. ಲಿಗಮೆಂಟ್ ಆಪರೇಷನ್ನಿನ ಬಿಲ್ ಅದು ಕಟ್ಟುವುದಿಲ್ಲ. ಪಾಲಿಸಿ ತೆಗೆಯುವಾಗ ಆಟದಲ್ಲಿ ಆದ ಗಾಯದ ಆಸ್ಪತ್ರೆ ಖರ್ಚು ಸೇರಿದೆಯಾ ಎಂದು ಬಾಯಿ ಬಿಟ್ಟು ಕೇಳಿ, ಬರೆದದ್ದನ್ನು ಓದಿಸಿಕೊಳ್ಳಿ.

ಐದು, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂದು ಫಲಕ ಕೊಡುತ್ತೀರಿ. ಜೊತೆಗೆ ಮೈಕ್ ಹಿಡಿದವರಿಗೆ ಒಂದು ಮಾತು ಹೇಳಿ. ಕುಂಟುತ್ತ ಒಳಗೆ ಬಂದವನನ್ನು ಸಿಂಹ, ಹುಲಿ ಎಂದು ಕೂಗಬೇಡಿ. ಆ ಕೂಗು ಕೇಳಿದ 18ರ ಹುಡುಗ ಹೊರಗೆ ಹೋಗುವುದು ಹೇಗೆ?

ನಮ್ಮ ಓಟು

ಕೊನೆಗೆ ನಮ್ಮ ಓಟು ಯಾರಿಗೆ ಎಂದು ಹೇಳದೆ ಹೋದರೆ ಚಾ ಅಂಗಡಿಯವರು ಬಿಡುವುದಿಲ್ಲ.

ನಮ್ಮ ಕ್ಲಬ್ಬಿಗೆ ಹಿಂದೆ ಒಬ್ಬರು ಕ್ಯಾಪ್ಟನ್ ಇದ್ದರು. ಎಡ ಕಾರ್ನರ್. ಗದ್ದೆ ಕಾಲದಿಂದ ಮ್ಯಾಟ್ ಕಾಲದವರೆಗೂ ಆಡಿದವರು. ಒಂದು ಫೈನಲ್‌ನಲ್ಲಿ, ನಾವು ಮೂರು ಅಂಕ ಹಿಂದೆ ಇದ್ದಾಗ, ತಂಡದ ಅತ್ಯುತ್ತಮ ಹುಡುಗ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಬಿದ್ದ. ಎದ್ದು ನಿಂತವನು ಎದುರು ತಂಡದ ಅಂಗಳಕ್ಕೆ ನಡೆದು ಸಾಲಿನಲ್ಲಿ ನಿಂತ. ಜನ ನಕ್ಕರು. ಕ್ಯಾಪ್ಟನ್ ನಗಲಿಲ್ಲ. ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಕೂರಿಸಿದರು. ಹುಡುಗ ಅತ್ತ, ಬೈದ. ಊರವರು ಅವರನ್ನೇ ಬೈದರು. ಎರಡು ಅಂಕದಲ್ಲಿ ಸೋತೆವು. ಆ ಸೋಲಿಗೆ ಅವರು ವರ್ಷಗಟ್ಟಲೆ ಮಾತು ಕೇಳಿದರು, ತಿರುಗಿ ಒಂದು ಮಾತೂ ಆಡಲಿಲ್ಲ.

ಆ ಹುಡುಗ ಆಮೇಲೆ ಎಂಟು ವರ್ಷ ಆಡಿದ. ಈಗ ಸಂಜೆ ಹೊತ್ತು ಶಾಲೆ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತಾನೆ.

ಇಡೀ ಊರು ಒಳಗೆ ಕಳಿಸು ಎಂದು ಕೂಗುವಾಗ ಹೊರಗೆ ಕೂರಿಸಲು ಎಷ್ಟು ಎದೆ ಬೇಕು ಎಂದು ಯೋಚಿಸಿ. ಚಾ ಅಂಗಡಿಯ ಪಟ್ಟಿಯಲ್ಲಿ ಆ ಕ್ಯಾಪ್ಟನ್ ಹೆಸರು ಹತ್ತರ ಒಳಗೂ ಇರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವರದ್ದೇ ಮೊದಲ ಹೆಸರು.

ಒಪ್ಪದಿದ್ದರೆ ಮುಂದಿನ ಪಂದ್ಯಾಟದ ರಾತ್ರಿ ಅದೇ ಬೆಂಚಿಗೆ ಬನ್ನಿ. ಗೋಲಿಬಜೆ ನಮ್ಮ ಲೆಕ್ಕದಲ್ಲಿ. ಆದರೆ ಈ ಸಲ ಗಾಯ ತೋರಿಸಿ ಓಟು ಕೇಳಬೇಡಿ, ಅದು ಆತ್ತಿಲ್ಲೆ.